ಹಗೇವಿಗೆ ಇಳಿದವನ ಹೆಸರು

ಹಗೇವಿನ ಜೋಳಕ್ಕೊಂದು ವಾಸನೆ ಇರುತ್ತದೆ. ಮಣ್ಣು, ಮುಗ್ಗು, ಹುಳಿ ಎಲ್ಲ ಕೂಡಿದ್ದು. ಈಗಲೂ ಹಳೆಯ ಗೋಣಿಚೀಲ ಕೊಡವುವಾಗ ಅದು ಮೂಗಿಗೆ ಬಡಿದರೆ ಅಣ್ಣಿಗೇರಿ ಸೀಮೆಯ ನಮ್ಮ ಮನೆಯ ಅಂಗಳ ಕಣ್ಣೆದುರು ಬರುತ್ತದೆ, ಜೊತೆಗೆ ಸಿಟ್ಟೂ ಬರುತ್ತದೆ. ಆ ಅಂಗಳದ ನಡುವೆ ನೆಲದೊಳಗೆ ತೋಡಿದ ಕಣಜವೇ ಹಗೇವು. ಬಾಯಿಗೆ ಮುಚ್ಚಿದ ಕಲ್ಲು ಸರಿಸಿ ಅರ್ಧ ದಿನ ಹಾಗೇ ಬಿಡಬೇಕು, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಹಗೇವು ತೆಗೆದ ದಿನ ಆಯಿ, ಅಂದರೆ ಅಪ್ಪನ ತಾಯಿ, ಮೊಮ್ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂಡಿಹಾಕಿ ತಾನೇ ಬಾಗಿಲಿಗೆ ಅಡ್ಡ ಕೂರುತ್ತಿದ್ದಳು.

ಕಾರಣ ಅವಳ ಹಿರಿಯ ಮಗ ಬಸಪ್ಪ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಒಬ್ಬ ಮುಖಂಡರು ನಮ್ಮ ಮನೆಯಲ್ಲಿ ಅಡಗಿದ್ದರಂತೆ. ಅವರ ಹೆಸರು ನಾನು ಬರೆಯುವುದಿಲ್ಲ. ಬೆಂಗಳೂರಿನ ಒಂದು ರಸ್ತೆಯ ಬೋರ್ಡಿನ ಮೇಲಿದೆ, ಬೇಕಾದವರು ಹೋಗಿ ಓದಿಕೊಳ್ಳಲಿ. ತಮ್ಮ ಸಂಗಡಿಗರ ಹೆಸರುಗಳಿದ್ದ ಕಾಗದದ ಗಂಟನ್ನು ಅವರು ಹಗೇವಿನಲ್ಲಿ ಬಚ್ಚಿಡಿಸಿದ್ದರು. ಪೊಲೀಸರು ಊರ ಅಗಸಿ ಬಾಗಿಲಿಗೆ ಬಂದ ಸುದ್ದಿ ತಿಳಿದದ್ದೇ ಮುಖಂಡರು ಗಂಟು ಆ ಕ್ಷಣವೇ ಬೇಕೆಂದರು. ಅರ್ಧ ದಿನ ಕಾಯುವುದೆಲ್ಲಿ, ಕಂದೀಲು ಬಿಡುವುದೆಲ್ಲಿ? ಇಪ್ಪತ್ತರ ಬಸಪ್ಪ ಕಲ್ಲು ಸರಿಸಿ ಇಳಿದ, ಗಂಟನ್ನು ಹಗ್ಗಕ್ಕೆ ಕಟ್ಟಿದ. ಗಂಟು ಮೇಲೆ ಬಂತು, ಅವನು ಬರಲಿಲ್ಲ. ಹಿತ್ತಿಲ ಬಾಗಿಲಿಂದ ಹೊರಟ ಮುಖಂಡರು ಆಯಿಯ ಕಾಲು ಮುಟ್ಟಿ, "ನಿಮ್ಮ ಮಗನ ಹೆಸರು ಈ ನಾಡು ಮರಿಯೂದಿಲ್ರಿ ಯವ್ವಾ" ಅಂದರಂತೆ. ಆ ಒಂದು ಮಾತು ನಂಬಿ ಆಯಿ ಮೂವತ್ತು ವರ್ಷ ಕಾದಳು.

ಎಪ್ಪತ್ತರ ದಶಕದಲ್ಲಿ, ಮುಖಂಡರು ತೀರಿಕೊಂಡ ಮೇಲೆ, ರಸ್ತೆಗೆ ಅವರ ಹೆಸರಿಡುವ ಸಮಾರಂಭಕ್ಕೆ ನಮ್ಮ ಮನೆಗೂ ಕರೆ ಬಂತು. ನನಗಾಗ ಹತ್ತು ವರ್ಷ. ಹುಬ್ಬಳ್ಳಿಯಿಂದ ರೈಲು ಹತ್ತಿ ಹೋದೆವು. ಆಯಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಒಬ್ಬ ಭಾಷಣಕಾರರು ನಮ್ಮ ಹಗೇವಿನ ಕಥೆಯನ್ನೇ ಎತ್ತಿಕೊಂಡರು. ಜೀವದ ಹಂಗು ತೊರೆದು ಮುಖಂಡರೇ ಒಳಗಿಳಿದು ಕಾಗದ ತಂದರಂತೆ! ಜನ ಚಪ್ಪಾಳೆ ತಟ್ಟಿದರು. ಏರಿದ ಏಣಿಯನ್ನು ಒದೆಯುವವರ ಬಗ್ಗೆ ನೀವೂ ಕೇಳಿರುತ್ತೀರಿ. ಏಣಿಯೇ ಇರಲಿಲ್ಲ ಎಂದವರನ್ನು ನಾನು ಕಂಡದ್ದು ಅಂದೇ.

ಆಯಿ ಅಪ್ಪನ ತೋಳು ಜಗ್ಗಿದಳು. "ಲೇ, ನಮ್ಮ ಬಸಪ್ಪಂದು ಯಾವಾಗ ಹೇಳ್ತಾರೋ?"

"ತಡಿಬೇ, ನನ್ನ ಕರದಾಗ ನಾ ಹೇಳ್ತೀನಿ."

ಅಪ್ಪನನ್ನು ವೇದಿಕೆಗೆ ಕರೆದರು. ಹಳ್ಳಿಯ ಸಾಲಿ ಮಾಸ್ತರ, ಎದುರಿಗೆ ಮಂತ್ರಿಗಳು. "ಅವರ ಪಾದದಿಂದ ನಮ್ಮ ಮನಿ ಪಾವನ ಆತ್ರಿ" ಎಂದಷ್ಟೇ ಹೇಳಿ, ಕೊರಳಿಗೆ ಬಿದ್ದ ಹಾರದೊಂದಿಗೆ ಇಳಿದು ಬಂದ. ಅವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆಯಿ ಊರು ಮುಟ್ಟುವ ತನಕ ರೈಲಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಕೆಲವು ದಿನ ಬಿಟ್ಟು, ಜೋಳ ಹಸನು ಮಾಡುತ್ತಿದ್ದ ಅವಳ ಬಾಜೂಕ ಕೂತು, ಬಸಪ್ಪ ದೊಡ್ಡಪ್ಪನ ಕಥೆ ಹೇಳೆಂದು ಗಂಟುಬಿದ್ದೆ. ಮೊದಲೆಲ್ಲ ಕೇಳುವ ಮುಂಚೆಯೇ ಹೇಳುತ್ತಿದ್ದವಳು ಮೊರ ಕೆಳಗಿಟ್ಟಳು.

"ಬ್ಯಾಡವ್ವಾ. ಹೇಳಿದ್ರ ಅದನ್ನೂ ಅವರ ಹೆಸರಿಗೇ ಹಚ್ಚತಾರ."

ಸಾಯುವ ತನಕ ಅವಳು ಮತ್ತೆ ಮಗನ ಹೆಸರು ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ. ನಾನು ಎತ್ತಿದ್ದು ಇವತ್ತೇ, ಕೇಳಲು ಆಯಿ ಇಲ್ಲ.