ಹೊರದೇಶದ ಉಸಿರಿಗೆ ಬೇಡಕಿಹಾಳದ ತಂತಿ

ಹಿತ್ತಲ ಗಿಡ ಮದ್ದಲ್ಲವಂತೆ. ಹಿತ್ತಲ ತಂತಿಯಂತೂ ಖಂಡಿತ ಮದ್ದು. ಗಾದೆ ಕೆಡಿಸಿದ್ದಕ್ಕೆ ಹಿರಿಯರು ಬೈಯಲಿ, ಕಥೆ ಮಾತ್ರ ಅಪ್ಪಟ ನಿಜ.

ಬೆಳಗಿನ ಐದೂವರೆ. ಗಡಿಯೂರು ಬೇಡಕಿಹಾಳದ ತಗಡಿನ ಅಂಗಡಿಯಲ್ಲಿ ಬಾಬುಸಾಬ ಸುಟ್ಟ ಪಂಪ್‌ಸೆಟ್ ಮೋಟಾರಿನ ಹೊಟ್ಟೆ ಬಗೆದು ಕಪ್ಪಾದ ತಂತಿ ಎಳೆಯುತ್ತಿದ್ದಾರೆ. ದಿನಕ್ಕೆರಡು ಮೋಟಾರು, ಬೇಸಿಗೆಯಲ್ಲಿ ನಾಲ್ಕು. ಮೂವತ್ತೊಂದು ವರ್ಷದಿಂದ ಸುತ್ತಿದ್ದೇ ಸುತ್ತಿದ್ದು. ಸುತ್ತು ಎಣಿಸುವುದು ಉರ್ದುವಿನಲ್ಲಿ, ಗಿರಾಕಿಗೆ ಬೈಯುವುದು ಮರಾಠಿಯಲ್ಲಿ. ಎಣಿಕೆ ತಪ್ಪಿತೋ, ತಮಗೇ ಕನ್ನಡದಲ್ಲಿ ಬೈದುಕೊಳ್ಳುತ್ತಾರೆ.

ಕೊರೊನಾದ ಎರಡನೇ ಅಲೆಯಲ್ಲಿ ಊರಿನ ಆರೈಕೆ ಕೇಂದ್ರಕ್ಕೆ ಹೊರದೇಶವೊಂದು ಐದು ಆಮ್ಲಜನಕ ಯಂತ್ರ ಕಳಿಸುತ್ತದೆ. ಕಂಪೌಂಡರ್ ಶ್ರೇಣಿಕ ಮೊದಲನೆಯದನ್ನು ಹೇಗೋ ಗೋಡೆಯ ಸಾಕೆಟ್ಟಿಗೆ ಚುಚ್ಚಿದ್ದೇ ತಡ, ಢಬ್! ಅದು ಬೇಡುವುದು ನೂರಾಹತ್ತು ವೋಲ್ಟು, ನಮ್ಮ ಗೋಡೆ ಕೊಡುವುದು ಇನ್ನೂರ ಮೂವತ್ತು. ಉಳಿದ ನಾಲ್ಕನ್ನು ಮುಟ್ಟುವವರಿಲ್ಲ. ಕಾಟಿನ ಮೇಲೆ ರೋಗಿ ಹೊಳೆವ್ವ ದಡಕ್ಕೆ ಬಿದ್ದ ಮೀನಿನಂತೆ ಬಾಯಿ ಬಿಡುತ್ತಿದ್ದಾಳೆ. ಕಡೆಯ ಸಿಲಿಂಡರು ಮಧ್ಯಾಹ್ನದವರೆಗಷ್ಟೇ. ಶ್ರೇಣಿಕ ಬಾಬುಸಾಬರ ಅಂಗಡಿಗೆ ಓಡುತ್ತಾನೆ.

“ಆಡಿಗೆ ಎಮ್ಮಿ ಮೇವು ತಿನಿಸಿದ್ರ ಹೊಟ್ಟಿ ಒಡೀದ ಏನ ಮಾಡತೈತ್ಲೇ?” ಎಂದು ಶ್ರೇಣಿಕನಿಗೆ ಬೈಯುತ್ತಲೇ ಬಾಬುಸಾಬ ಗುಜರಿಯ ಸ್ಟೆಬಿಲೈಜರ್ ಒಡೆಯುತ್ತಾರೆ. ಅದರ ಕಬ್ಬಿಣದ ಗುಂಡಿಗೆಗೆ ಮೋಟಾರಿನ ಹೊಸ ತಂತಿ ಸುತ್ತಿ, ವೋಲ್ಟೇಜು ಅರ್ಧಕ್ಕಿಳಿಸುವ ಪೆಟ್ಟಿಗೆ ಕಟ್ಟುತ್ತಾರೆ. ನಮ್ಮ ಸಾಕೆಟ್ಟಿಗೊಪ್ಪದ ವಿದೇಶಿ ಪ್ಲಗ್ಗನ್ನು ಕಚಕ್ಕನೆ ಕತ್ತರಿಸಿ, ಅದರ ತಂತಿಯನ್ನು ಪೆಟ್ಟಿಗೆಗೇ ಬಿಗಿಯುತ್ತಾರೆ.

ಹನ್ನೊಂದೂಮುಕ್ಕಾಲಕ್ಕೆ ಯಂತ್ರ ಗುರ್ರೆನ್ನುತ್ತದೆ. ಹೊಳೆವ್ವಳ ಬೆರಳಿನ ಆಕ್ಸಿಮೀಟರಿನ ಅಂಕಿ ಎಂಬತ್ತೊಂದರಿಂದ ತೊಂಬತ್ತಮೂರಕ್ಕೆ ಏರುತ್ತದೆ. ಎರಡು ದಿನದಲ್ಲಿ ನಾಲ್ಕೂ ಯಂತ್ರಕ್ಕೆ ಪೆಟ್ಟಿಗೆ ಸಿದ್ಧ. ಆ ಅಲೆ ಇಳಿಯುವಷ್ಟರಲ್ಲಿ ಇಪ್ಪತ್ತಾರು ಮಂದಿ ತಮ್ಮ ಕಾಲ ಮೇಲೆ ಮನೆಗೆ!

ಅದಕ್ಕೂ ಮುಂಚೆ, ಮೊದಲ ಪೆಟ್ಟಿಗೆ ಕಟ್ಟಿದ ಎಂಟನೆಯ ದಿನ, ಬಾಬುಸಾಬ ಆರೈಕೆ ಕೇಂದ್ರದಲ್ಲಿ ಪೆಟ್ಟಿಗೆ ಬಿಸಿಯಾಗಿದೆಯೇ ಎಂದು ಅಂಗೈಯಿಟ್ಟು ನೋಡುತ್ತಿರುವಾಗ ಫೋನು ಬರುತ್ತದೆ. ಗಡಸು ದನಿ: “ಹಲೋ, ನಾನ್ ರಾಯಬಾರಿ! ನಮ್ ದೇಶ್ ಪ್ಲಗ್ ಕುತ್ತಿಗೆ ಯಾರ್ ಕೊಯ್ದಾ?”

ಬಾಬುಸಾಬ ಟೊಪ್ಪಿಗೆ ಸರಿಪಡಿಸಿಕೊಂಡು ನೆಟ್ಟಗಾಗುತ್ತಾರೆ. “ನಾನ ಕೊಯ್ದೇನ್ರಿ ಸಾಹೇಬ್ರ. ಮಿಶಿನ್ ನಿಮ್ದು, ಕರೆಂಟ್ ನಮ್ದು, ನಡುವ ನಾ ಲಗ್ನದ ಸೋಯರಿಕಿ ಮಾಡಿದ್ನಿ. ಬೈಯೂದಿದ್ರ ಬೈರಿ. ಮಿಶಿನ್ ಮಾತ್ರ ವಾಪಸ್ ಕೇಳಬ್ಯಾಡ್ರಿ, ನಾಕ ಮಂದಿ ಅದರಾಗ ಉಸರ ತಗೊಳ್ಳಾಕತ್ತಾರ.”

ಕಿಟಕಿಯಾಚೆ ಯಾರದೋ ಫೋನು ಹಿಡಿದು ರಾಯಭಾರಿಯಾಗಿದ್ದ ಶ್ರೇಣಿಕ ನಗು ತಡೆಯಲಾರದೆ ಕುಸಿದು ಕೂರುತ್ತಾನೆ. ಕಾಟಿನ ಮೇಲಿನ ಹೊಳೆವ್ವ, “ಅಯ್ಯ ನಮ್ಮವ್ವ, ನಗಸಬ್ಯಾಡ್ರೋ, ದಮ್ಮ ಹತ್ತತೈತಿ!” ಎನ್ನುತ್ತಾಳೆ. ನರ್ಸ್ ಮನಿಷಾ ಹೊಟ್ಟೆ ಹಿಡಿದುಕೊಳ್ಳುತ್ತಾಳೆ.

ಬಾಬುಸಾಬ ಒಂದು ಗಳಿಗೆ ಫೋನು ನೋಡುತ್ತಾರೆ, ಒಂದು ಗಳಿಗೆ ಕಿಟಕಿ. “ಭಾಡ್ಯಾ, ಖರೇ ರಾಯಭಾರಿ ಸಿಕ್ಕರ ಹೇಳ್ಲೇ, ಮುಂದಿನ ಸಲಾ ಪ್ಲಗ್ ಬೇಡಕಿಹಾಳದ ಅಳತಿಗೆ ಮಾಡಸ್ರಿ ಅಂತ!” ಎಂದು ತೊಡೆ ತಟ್ಟಿ ನಗುತ್ತಾರೆ. ನಾಲ್ಕು ಯಂತ್ರಗಳ ಸದ್ದೂ ಆ ನಗುವಿನಲ್ಲಿ ಮುಳುಗಿಹೋಗುತ್ತದೆ.