ಮೇಲಿನ ಮನೆಯ ಅಜ್ಜಿ ಬರೆದ ಓಣಿ

ಮೊನ್ನೆ ಚಟ್ನಿಪುಡಿಗೆಂದು ಹುರಿದ ಅಗಸೆಯನ್ನು ಮಿಕ್ಸಿಯಲ್ಲಿ ತಿರುವಿದಾಗ ಎದ್ದ ಜಿಡ್ಡಿನ ವಾಸನೆಗೆ, ಅಜ್ಜಿಯೇ ಅಡುಗೆಮನೆಗೆ ಬಂದಂತಾಗಿ ಬೆಚ್ಚಿಬಿದ್ದೆ. ಚಿತ್ರದ ಬಣ್ಣಕ್ಕೆ ಅವರು ಕಲಸುತ್ತಿದ್ದುದೂ ಅಗಸೆ ಎಣ್ಣೆಯನ್ನೇ.

ಧಾರವಾಡದಿಂದ ಈ ಪರದೇಶಕ್ಕೆ ಬಂದ ಹೊಸತರಲ್ಲಿ ಎರಿನ್ ಮಿಲ್ಸ್ ಬಡಾವಣೆಯ ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಮೇಲೆ ಅವರೊಬ್ಬರೇ. ಹುಟ್ಟಿದ್ದು ಫ್ರಾನ್ಸಿನ ಯಾವುದೋ ಬೆಟ್ಟದ ಹಳ್ಳಿಯಲ್ಲಿ. ಕಲ್ಲಿನ ಮನೆಗಳು, ಏರು ಓಣಿ... ಬೇಸಿಗೆ ಬಂತೆಂದರೆ ಚಿತ್ರಕಾರರು, ಬರಹಗಾರರು ಅಲ್ಲಿಗೆ ಹಿಂಡುಗಟ್ಟಿ ಬರುತ್ತಿದ್ದರಂತೆ. ಅಜ್ಜಿಯೂ ಚಿತ್ರ ಬರೆದದ್ದೇ ಬರೆದದ್ದು, ಅದೇ ಓಣಿ. ಒಂದು ಚಿತ್ರದಲ್ಲೂ ನರಪಿಳ್ಳೆಯಿಲ್ಲ. ಊರಿಗೆ ಊರೇ ಶಿಫ್ಟಿಗೆ ಹೋಗಿದೆಯಾ ಎಂದು ಚುಡಾಯಿಸಿದೆ.

ಅಜ್ಜಿ ನಗಲಿಲ್ಲ. "ನಮ್ಮೂರಲ್ಲಿ ಚಿತ್ರಕಾರರು ಕಂಡರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಚಿತ್ರಕ್ಕೆ ಸೇರಿದವರು ಮನೆಗೆ ದಕ್ಕುವುದಿಲ್ಲ ಅಂತ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆದರೂ ಒಂದು ಮಧ್ಯಾಹ್ನ ನೋಡುತ್ತೇನೆ, ಚಿತ್ರದ ಬಾಗಿಲಲ್ಲಿ ನನ್ನ ಮೂರು ವರ್ಷದ ಮಗಳು ನಿಂತಿದ್ದಾಳೆ! ಅವಳ ಮೇಲಿನ ಮೋಹಕ್ಕೆ ಕೈ ತಡೆಯಲಿಲ್ಲ ಎಂದರು ಅಜ್ಜಿ. ನನ್ನ ಜೀವ ತಡೆಯಬೇಕಲ್ಲ. ಕೆಳಗಿಂದ ಕಾಡಿಗೆ ತಂದು ಚಿತ್ರದ ಕೆನ್ನೆಗೆ ದೃಷ್ಟಿಬೊಟ್ಟಿಟ್ಟೆ. "ಚಿತ್ರಕ್ಕೂ ದೃಷ್ಟಿ ಆಗತೈತೇನ, ಹುಚ್ಚಿ?" ಎಂದು ನಮ್ಮ ಯಜಮಾನರು ನಕ್ಕರು.

ಅಂದು ಸಂಜೆಯಿಂದಲೇ ಮಗಳಿಗೆ ಜ್ವರ. ಆಸ್ಪತ್ರೆಯವರು ಕೊಟ್ಟ ಔಷಧಿಗೂ ಜಗ್ಗಲಿಲ್ಲ. ಕಣ್ಣು ಮುಚ್ಚಿಕೊಂಡೇ "ಚಳಿ... ಓಣ್ಯಾಗ ಭಾಳ ಚಳಿ" ಎಂದು ಕನವರಿಸಿದಳು. ನಾನು ಮೆಟ್ಟಿಲೇರಿ ಓಡಿದೆ. "ಅಜ್ಜಿ, ಅಕೀನ್ನ ಅಲ್ಲಿಂದ ಹೊರಗ ತಗೀರಿ" ಎಂದು ಅತ್ತೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡವೇ. ಅಜ್ಜಿಗೆ ಕನ್ನಡ ಬಾರದು. ಆದರೂ ನನ್ನ ತಲೆ ಸವರಿ, ಬಣ್ಣ ಕೆರೆಯುವ ಚಾಕು ಕೈಗೆತ್ತಿಕೊಂಡರು.

ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ಮಗಳು ಹಾಲು ಬೇಕೆಂದು ಹಟ ಹಿಡಿದಳು. ಮೇಲಿನಿಂದ ಮಾತ್ರ ಹೆಜ್ಜೆಯ ಸದ್ದಿಲ್ಲ. ಹೋಗಿ ನೋಡಿದರೆ ಅಜ್ಜಿ ಚಿತ್ರದೆದುರಿನ ಕುರ್ಚಿಯಲ್ಲೇ ತಣ್ಣಗಾಗಿದ್ದರು. ಚಿತ್ರದ ಬಾಗಿಲಲ್ಲಿ ಮಗಳಿರಲಿಲ್ಲ. ಅದೇ ಜಾಗದಲ್ಲಿ, ಇನ್ನೂ ಆರದ ಬಣ್ಣದಲ್ಲಿ, ಅಜ್ಜಿ ನಿಂತಿದ್ದರು.

ವಯಸ್ಸಾಗಿತ್ತು, ಹೃದಯ ನಿಂತಿದೆ ಎಂದರು ಡಾಕ್ಟರು. ಇರಬಹುದು... ಹಾಗೆ ತಲೆ ಸವರುವವರು ಈ ಊರಲ್ಲಿ ನನಗೆ ಮತ್ತೊಬ್ಬರು ಸಿಗಲಿಲ್ಲ. ಮಗಳೀಗ ಪಿಕರಿಂಗ್ ಎಂಬ ಊರಲ್ಲಿ ಕೆಲಸಕ್ಕಿದ್ದಾಳೆ, ಅಜ್ಜಿಯ ನೆನಪು ಅವಳಿಗಿಲ್ಲ. ಹುಟ್ಟುಹಬ್ಬದಂದು ಹಿರಿಯರು "ನೂರು ವರ್ಷ ಬಾಳವ್ವಾ" ಎಂದು ಅವಳನ್ನು ಹರಸುವಾಗ, ಅದರಲ್ಲಿ ಅಜ್ಜಿಯ ವರ್ಷಗಳೆಷ್ಟೋ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ.