ಓಡುತ್ತದೆ, ಓಡಿಸುತ್ತಾರೆ

ನಮ್ಮತ್ತೆ ನನ್ನನ್ನು ಮೊದಲ ಸಲ ಕಂಡಾಗ ಮುಖ ನೋಡಲಿಲ್ಲ, ಕಾಲು ನೋಡಿದರು. ನಾನು ಬಾಗಿಲಿನಿಂದ ಕುರ್ಚಿಯವರೆಗೆ ನಡೆದದ್ದೇ ತಡ, "ಬಲಗಾಲಿನ ಚಪ್ಪಲಿ ಕಚ್ತಿದೆ. ಬಿಚ್ಚಿಟ್ಟು ಆರಾಮಾಗಿ ಕೂತ್ಕೋ" ಅಂದರು. ನಿಜವಾಗಿಯೂ ಕಚ್ಚುತ್ತಿತ್ತು. ಮನೆಯಿಂದ ಇಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ನಗುನಗುತ್ತಲೇ ಬಂದಿದ್ದೆ. ಈ ಮನೆಯಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ ಎಂದು ನನಗೆ ಅಂದೇ ಗೊತ್ತಾಗಬೇಕಿತ್ತು.

ಅತ್ತೆಯ ಕೆಲಸ ಕುದುರೆ ನೋಡುವುದು. ರೇಸಿನ ಹಿಂದಿನ ದಿನ ಹೊರಬೀಳುವ ಎಂಟು ಪುಟದ ರೇಸ್ ಪುಸ್ತಕದಲ್ಲಿ ಮೂರನೇ ಪುಟ ಅವರದು. ಯಾವ ಕುದುರೆ ಗೆಲ್ಲುವ ಹಾಗಿದೆ, ಯಾವುದು ಸುಮ್ಮನೆ ಸಾಲಿನಲ್ಲಿ ನಿಲ್ಲಲು ಬಂದಿದೆ ಎಂದು ಮೂವತ್ತೊಂದು ವರ್ಷ ಬರೆದರು. ಅವರಪ್ಪ ಲಾಳ ಕಟ್ಟುತ್ತಿದ್ದವರು. ಏಳು ವರ್ಷದ ಮಗಳು ಪಕ್ಕದಲ್ಲಿ ನಿಂತು ಮೊಳೆ ಎತ್ತಿ ಕೊಡುತ್ತಾ, ಗೊರಸು ಯಾವಾಗ ಬಿಸಿ, ಯಾವಾಗ ತಣ್ಣಗೆ ಎಂದು ಅಂಗೈಯಲ್ಲೇ ಕಲಿತಳಂತೆ. "ಹೆಂಗಸಿಗೆ ಕುದುರೆ ವಿಷಯ ಏನು ಗೊತ್ತಾಗುತ್ತೆ?" ಎಂದು ಮೂಗು ಮುರಿದವರೇ ಪುಸ್ತಕ ಕೈಗೆ ಬಂದ ತಕ್ಷಣ ತೆರೆಯುತ್ತಿದ್ದುದು ಮೂರನೇ ಪುಟ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅತ್ತೆಗೆ ನಗು ಬರುತ್ತದೆ. ಅವರು ಸ್ವತಃ ಯಾವ ಕುದುರೆಯ ಮೇಲೂ ಒಮ್ಮೆಯೂ ಹಣ ಕಟ್ಟಿದವರಲ್ಲ. ಕಟ್ಟಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡಲು ಶುರು ಮಾಡುತ್ತದೆ ಎನ್ನುವುದು ಅವರ ವಾದ.

ಬೆಳಿಗ್ಗೆ ಕುದುರೆಗಳು ಅಭ್ಯಾಸಕ್ಕೆ ಬರುವ ಹೊತ್ತಿಗೆ ಅತ್ತೆ ಟ್ರ್ಯಾಕಿನ ಬೇಲಿ ಪಕ್ಕ ಹಾಜರು. ಉಳಿದವರೆಲ್ಲ ಗಡಿಯಾರ ಹಿಡಿದುಕೊಂಡು ಓಟ ಅಳೆಯುತ್ತಿದ್ದರೆ, ಇವರು ಓಟ ಮುಗಿಯುವುದನ್ನೇ ಕಾದು ನಡಿಗೆ ನೋಡುತ್ತಾರೆ. ಮುಂಗಾಲಿನ ಹೆಜ್ಜೆ ಗುರುತನ್ನು ದಾಟಿ ಹಿಂಗಾಲು ಎಷ್ಟು ಮುಂದೆ ಬೀಳುತ್ತದೆ, ಕಿವಿ ಯಾವ ಕಡೆಗಿದೆ, ಬೆವರು ಎಲ್ಲಿ ಬಂದಿದೆ. ಮುಂಗಾಲು ನೋಯುವ ಕುದುರೆ ಆ ಕಾಲನ್ನು ಊರುವಾಗ ತಲೆ ಮೇಲೆತ್ತುತ್ತದೆ. ಇದನ್ನು ನನಗೆ ಕಲಿಸಲು ಅತ್ತೆ ಅಡುಗೆಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕುಂಟುತ್ತಾ, ಹೆಜ್ಜೆಗೊಮ್ಮೆ ತಲೆ ಎತ್ತುತ್ತಾ ನಡೆದು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಗಾಬರಿಬಿದ್ದು ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದರು.

ಇಷ್ಟೆಲ್ಲ ನೋಡಿದ ಮೇಲೆ ಅತ್ತೆ ಒಂದೊಂದು ಕುದುರೆಗೆ ಬರೆಯುತ್ತಿದ್ದುದು ಒಂದೇ ಪದ. ಮೈಯಲ್ಲಿ ಕಸುವಿದೆ, ತಾನಾಗಿಯೇ ಓಡುವ ಮನಸ್ಸಿದೆ ಎಂದರೆ "ಓಡುತ್ತದೆ". ಅನುಮಾನವಿದ್ದರೆ "ಓಡಬಹುದು". ಮನಸ್ಸಿಲ್ಲ ಅಥವಾ ಮೈಯಲ್ಲಿ ಏನೋ ಸರಿಯಿಲ್ಲ, ಆದರೂ ಬೆನ್ನ ಮೇಲೆ ಕೂತವರು ಬಿಡುವುದಿಲ್ಲ ಎಂದರೆ "ಓಡಿಸುತ್ತಾರೆ". ಈ ಮೂರು ಪದ ಪುಸ್ತಕ ಓದುವವರ ಬಾಯಲ್ಲಿ ಎಷ್ಟು ಹರಿದಾಡುತ್ತಿದ್ದವೆಂದರೆ, ಕಚೇರಿಗೆ ಹೋಗಲು ಸೋಮಾರಿತನ ಮಾಡುವ ಗಂಡಂದಿರ ಬಗ್ಗೆ ಹೆಂಡತಿಯರು "ನಮ್ಮದು ಓಡಲ್ಲ ಕಣ್ರೀ, ಓಡಿಸ್ಬೇಕು" ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಅತ್ತೆ ಎದುರಿಗೇ ಅಂದಿದ್ದೇನೆ, ಅವರು ತಲೆಯಾಡಿಸಿ ಒಪ್ಪಿದ್ದಾರೆ.

ನಾನು ಪುಸ್ತಕ ಅಚ್ಚಾಗುವ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಪುಟ ಕಟ್ಟುವವಳು. ಅತ್ತೆ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹಾಗಾಗಿ ಬೂದಿಯ ಹೆಸರಿನ ಮುಂದೆ ಆ ಪದ ಕೂರಿಸಿದ್ದು ನನ್ನ ಬೆರಳೇ.

ಬೂದಿ ಎಂದರೆ ಬೂದು ಬಣ್ಣದ ಹೆಣ್ಣು ಕುದುರೆ. ಆ ವರ್ಷ ಐದು ರೇಸು ಗೆದ್ದಿತ್ತು. ವರ್ಷದ ದೊಡ್ಡ ರೇಸು ಶನಿವಾರ, ಅದೂ ಬೂದಿಯದೇ ಎಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ಗುರುವಾರ ಬೆಳಿಗ್ಗೆ ಅತ್ತೆ ಲಾಯದ ಕಡೆ ಹೋದಾಗ ಬೂದಿ ಎಡ ಮುಂಗಾಲನ್ನು ಮುಂದೆ ಚಾಚಿ ನಿಂತಿತ್ತಂತೆ. ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ನಿಲ್ಲುವುದು ಕುದುರೆಗಳ ಅಭ್ಯಾಸ. ಮುಂಗಾಲು ಚಾಚಿದರೆ ಅದು ನೋವು. ಅತ್ತೆ ಬಗ್ಗಿ ಗೊರಸು ಮುಟ್ಟಿದರು, ಬಿಸಿಯಿತ್ತು.

"ಯಾವಾಗಿಂದಪ್ಪ?" ಎಂದು ಲಾಯದವನನ್ನು ಕೇಳಿದರು. ಬೂದಿಯನ್ನು ಮೂರು ವರ್ಷದಿಂದ ತಿಕ್ಕಿ ತೊಳೆದು ಸಾಕಿದವನು ಅವನು.

ಅವನು ಬಕೆಟ್ಟಿನ ಕಡೆ ತಿರುಗಿಕೊಂಡ. "ನನ್ನ ಕೇಳ್ಬೇಡಿ ಅಮ್ಮ. ನಂಗೆ ಕೆಲಸ ಬೇಕು."

ಅತ್ತೆಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತು. ಮನೆಗೆ ಬಂದು "ಬೂದಿ, ಓಡಿಸುತ್ತಾರೆ" ಅಂದರು, ನಾನು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸಿದೆ.

ಮಧ್ಯಾಹ್ನ ಪ್ರೆಸ್ಸಿನ ಯಜಮಾನರು ಮನೆಗೇ ಬಂದರು. ಅತ್ತೆ ಬರೆಯಲು ಶುರು ಮಾಡಿದಾಗ ಇವರಪ್ಪ ಯಜಮಾನರಾಗಿದ್ದರು, ಇವರು ನಿಕ್ಕರಿನಲ್ಲಿ ಓಡಾಡುತ್ತಿದ್ದರು. ಬೂದಿಯ ಒಡೆಯರಾದ ಸಾಹುಕಾರರು ಪುಸ್ತಕದ ಕೊನೇ ಪುಟಕ್ಕೆ ವರ್ಷಪೂರ್ತಿ ಜಾಹೀರಾತು ಕೊಡುವವರು. ಅವರ ಕಿವಿಗೆ ಸುದ್ದಿ ಆಗಲೇ ಬಿದ್ದಿತ್ತು.

"ಅಕ್ಕ, ಒಂದು ಪದ ತಾನೇ? ಓಡುತ್ತದೆ ಅಂತ ಹಾಕಿಬಿಡೋಣ."

"ಒಂದು ಪದ ತಾನೇ ಅಂದ್ಮೇಲೆ ನಿಮಗ್ಯಾಕೆ ಅಷ್ಟೊಂದು ಬೇಕು?"

"ಹೋಗ್ಲಿ, ಓಡಬಹುದು ಅನ್ನಿ. ಅದೂ ಬೇಡ್ವಾ? ಖಾಲಿ ಬಿಡಿ."

"ಖಾಲಿ ಬಿಟ್ರೆ ನಾನು ಕುದುರೆ ನೋಡಿಲ್ಲ ಅಂತ ಆಗುತ್ತೆ. ನಾನು ನೋಡಿದೀನಿ."

ನನ್ನ ಗಂಡ ನಡುವೆ ಬಾಯಿ ಹಾಕಿ, "ಅಮ್ಮ, ಇಷ್ಟು ವರ್ಷದ ಕೆಲಸ, ಸ್ವಲ್ಪ ಯೋಚ್ನೆ ಮಾಡು" ಅಂದರು. ಅತ್ತೆ ಅವರನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಆ ನೋಟಕ್ಕೆ ನನ್ನ ಗಂಡ ಒಳಗಿನಿಂದ ನೀರು ತರಲು ಎದ್ದು ಹೋದರು.

ಯಜಮಾನರು ಬೆಣ್ಣೆ ಹಚ್ಚುವುದನ್ನು ಬಿಟ್ಟು ನೇರ ವಿಷಯಕ್ಕೆ ಬಂದರು. ಅವರ ಸೋದರಳಿಯ ಕಂಪ್ಯೂಟರಿನಲ್ಲಿ ಹಳೇ ರೇಸುಗಳ ಅಂಕಿಅಂಶ ತುಂಬಿಸಿ ಗೆಲ್ಲುವ ಕುದುರೆ ಯಾವುದೆಂದು ಹೇಳುತ್ತಿದ್ದಾನಂತೆ, ಮೂರನೇ ಪುಟಕ್ಕಾಗಿ ಕಾಯುತ್ತಿದ್ದಾನಂತೆ. "ನೀವು ಬರ್ದಿದ್ದನ್ನೇ ಹಾಕ್ತೀನಿ, ಈ ಸಲ ಆ ಪುಟ ಇಲ್ದೆ ಪುಸ್ತಕ ಯಾರೂ ಮುಟ್ಟಲ್ಲ. ಆದ್ರೆ ಬೂದಿ ಗೆದ್ರೆ ಆ ಪುಟ ಇನ್ನು ನಿಮ್ಮದಲ್ಲ. ಬೇಲಿ ಪಕ್ಕ ನಿಲ್ಲೋ ಪಾಸೂ ವಾಪಸ್ ಕೊಡ್ಬೇಕಾಗುತ್ತೆ."

"ಆಯ್ತು" ಅಂದರು ಅತ್ತೆ. ಅಷ್ಟೇ.

ಬೂದಿ ಗೆದ್ದಿತು.

ಶುಕ್ರವಾರ ಟ್ರ್ಯಾಕಿಗೆ ಚೆನ್ನಾಗಿ ನೀರು ಬಿಟ್ಟಿದ್ದರು, ನೆಲ ಮೆತ್ತಗಿತ್ತು, ನೋಯುವ ಕಾಲಿಗೆ ಅಷ್ಟಾಗಿ ತಾಗುವಂತಿರಲಿಲ್ಲ. ಕೊನೆಯ ತಿರುವಿನವರೆಗೆ ನಾಲ್ಕನೆಯದಾಗಿದ್ದ ಬೂದಿಗೆ ಜಾಕಿ ಚಾಟಿ ಎತ್ತಿದ. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಾ ನಿಂತೆ. ಏಳನೆಯ ಏಟಿಗೆ ಅದು ಕತ್ತಿನಷ್ಟು ಅಂತರದಲ್ಲಿ ಮುಂದೆ ಬಂದು ಗೆರೆ ದಾಟಿತು. ಜನ ಕುಣಿದರು. ನಮ್ಮನ್ನು ಗುರುತು ಹಿಡಿದವರು "ಏನಮ್ಮಾ, ಕಣ್ಣಿಗೆ ಕನ್ನಡಕ ಬೇಕಾ?" ಎಂದು ಕೂಗಿದರು. ನನಗೆ ನಾಚಿಕೆಯಾಯಿತು. ಅತ್ತೆಯ ಬಗ್ಗೆ ನಾಚಿಕೆಪಟ್ಟೆನಲ್ಲ ಎಂದು ಮರುಕ್ಷಣವೇ ನನ್ನ ಮೇಲೆ ನನಗೇ ಕೋಪ ಬಂತು.

ಸಾಹುಕಾರರು ನೇರ ನಮ್ಮ ಹತ್ತಿರ ಬಂದರು, ಹಿಂದೆ ಪ್ರೆಸ್ಸಿನ ಯಜಮಾನರು. "ಈಗೇನಂತೀರಮ್ಮ?"

"ಗೆದ್ದಿದೆ. ಸೋಲುತ್ತೆ ಅಂತ ನಾನೆಲ್ಲಿ ಬರೆದೆ? ಓಡಿಸ್ತಾರೆ ಅಂದೆ. ಓಡಿಸಿದ್ರಿ."

"ಮಾತಿಗೇನೂ ಕಮ್ಮಿಯಿಲ್ಲ. ನಮ್ಮ ಕುದುರೆ ಹೆಸರು ಕೆಡಿಸಿದ್ದಕ್ಕೆ ಕ್ಷಮೆ ಕೇಳಿ ಬರೀಬೇಕು."

ಅತ್ತೆ ಲಾಯದಿಂದ ಟ್ರ್ಯಾಕಿಗೆ ಬರುವ ಸಿಮೆಂಟ್ ರಸ್ತೆಯ ಕಡೆ ಕೈ ತೋರಿಸಿದರು. "ಬರೀತೀನಿ. ಅಲ್ಲಿ ಹತ್ತು ಹೆಜ್ಜೆ ನಡೆಸಿ ತೋರಿಸಿ. ಗಟ್ಟಿ ನೆಲದ ಮೇಲೆ ಅದು ತಲೆ ಎತ್ತದೆ ನಡೆದ್ರೆ ನಿಮ್ಮ ಕಾಲಿಗೂ ಬೀಳ್ತೀನಿ."

"ಗೆದ್ದ ಕುದುರೆಗೆ ಪರೀಕ್ಷೆ ಬೇರೆ!" ಎಂದು ಸಾಹುಕಾರರು ಗಹಗಹಿಸಿ ನಕ್ಕರು, ಸುತ್ತ ಇದ್ದವರೂ ನಕ್ಕರು. ಆದರೆ ಲಾಯದವನು ಬೂದಿಯನ್ನು ವಾಪಸು ಕರೆದೊಯ್ದದ್ದು ಎದುರಿಗಿದ್ದ ಆ ರಸ್ತೆಯಲ್ಲಿ ಅಲ್ಲ, ಹುಲ್ಲಿನ ಮೇಲೆ, ಇಡೀ ಮೈದಾನ ಬಳಸಿಕೊಂಡು. ನಮ್ಮಿಬ್ಬರನ್ನು ಬಿಟ್ಟು ಅದನ್ನು ಯಾರೂ ಗಮನಿಸಲಿಲ್ಲ. ಗೆದ್ದ ಖುಷಿಯಲ್ಲಿದ್ದವರಿಗೆ ಕುದುರೆಯ ಕಾಲು ಯಾಕೆ ಬೇಕು?

ಸೋಮವಾರ ಯಜಮಾನರು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. "ನನ್ನ ಅಂದಾಜು ತಪ್ಪಾಗಿತ್ತು, ಕ್ಷಮೆ ಇರಲಿ" ಎಂದು ಅವರೇ ಬರೆದು ತಂದಿದ್ದರು. ಇದೊಂದು ಅಚ್ಚಾದರೆ ಸಾಹುಕಾರರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಪುಟವೂ ಉಳಿಯುತ್ತದೆ, ಪಾಸೂ ಉಳಿಯುತ್ತದೆ. "ದಪ್ಪಕ್ಷರದಲ್ಲಿ ಹಾಕು. ಕೆಳಗೆ ನಿಮ್ಮತ್ತೆ ಹೆಸರು ಇರ್ಬೇಕು. ಅವ್ರಿಗೆ ತೋರಿಸ್ಲೇಬೇಕು ಅಂತೇನಿಲ್ಲ."

ಬರೆಯುವುದು ಅತ್ತೆ ಎಂದು ಟ್ರ್ಯಾಕಿಗೆ ಬರುವವರಿಗೆಲ್ಲ ಗೊತ್ತಿದ್ದರೂ, ಮೂವತ್ತೊಂದು ವರ್ಷ ಮೂರನೇ ಪುಟದಲ್ಲಿ ಒಮ್ಮೆಯೂ ಅವರ ಹೆಸರು ಹಾಕಿರಲಿಲ್ಲ. ಹೆಂಗಸಿನ ಹೆಸರು ಕಂಡರೆ ಹೊರಗಿನ ಓದುಗರು ನಂಬುವುದಿಲ್ಲ ಎಂದು ಪ್ರೆಸ್ಸಿನವರು ಹೇಳುತ್ತಿದ್ದರು. ಈಗ ತಪ್ಪೊಪ್ಪಿಕೊಳ್ಳಲು ಹೆಸರು ಬೇಕಾಯಿತು! ಚೀಟಿಯನ್ನು ಮನೆಗೆ ತಂದು ಅತ್ತೆಯ ಕೈಗಿಟ್ಟೆ.

ಅವರು ಎರಡು ಸಲ ಓದಿದರು. "ಆ ಬೇಲಿ ಬಿಟ್ರೆ ನಂಗೆ ಬೇರೆ ಜಾಗ ಇಲ್ಲ ಕಣೇ" ಅಂದರು. ಚೀಟಿಯನ್ನು ಮಡಿಸಿಟ್ಟು, "ಬೂದಿಯನ್ನ ಮುಂದಿನ ವಾರದ ರೇಸಿಗೆ ಮತ್ತೆ ಹಾಕಿದಾರೆ, ಪಟ್ಟಿ ನೋಡಿದ್ಯಾ?" ಎಂದು ಕೇಳಿದರು.

"ನೋಡಿದೆ."

"ಹಾಗಾದ್ರೆ ಬರ್ಕೋ. ಹೆಸರು ಹಾಕೋಣ."

ಗುರುವಾರ ನಾನು ಪುಟ ಕಟ್ಟಿದೆ. ದಪ್ಪಕ್ಷರದಲ್ಲಿ ಹೀಗಿತ್ತು: "ಹೋದ ವಾರ ಬೂದಿ ಗೆದ್ದಿತು. ಅದರ ಎಡ ಮುಂಗಾಲು ನೋಯುತ್ತಿತ್ತು, ಈಗಲೂ ನೋಯುತ್ತಿದೆ. ಮುಂದಿನ ವಾರ ಅದನ್ನು ಮತ್ತೆ ಓಡಿಸುತ್ತಾರೆ. ನಾನು ಬರೆದದ್ದರಲ್ಲಿ ತಪ್ಪಿಲ್ಲ. ತಪ್ಪಿದೆ ಎನ್ನುವವರು ಅದನ್ನು ಸಿಮೆಂಟ್ ರಸ್ತೆಯಲ್ಲಿ ಹತ್ತು ಹೆಜ್ಜೆ ನಡೆಸಲಿ." ಕೆಳಗೆ ಅತ್ತೆಯ ಹೆಸರು, ಅವರಪ್ಪನ ಹೆಸರು, ನಮ್ಮ ಮನೆಯ ವಿಳಾಸ.

ಮೆಷಿನ್ ನಡೆಸುವವರು ಓದಿ ಹುಬ್ಬೇರಿಸಿದರು. "ಯಜಮಾನ್ರು ನೋಡಿದಾರಾ?"

"ದಪ್ಪಕ್ಷರದಲ್ಲಿ, ಹೆಸರಿನ ಸಮೇತ ಹಾಕು ಅಂತ ಅವ್ರೇ ಹೇಳಿದ್ದು" ಅಂದೆ. ಅದರಲ್ಲಿ ಸುಳ್ಳೇನಿತ್ತು? ಯಜಮಾನರು ಅಂದು ಸಾಹುಕಾರರ ಗೆಲುವಿನ ಊಟಕ್ಕೆ ಹೋಗಿದ್ದರು. ಮೆಷಿನ್ ಓಡಿತು.

ಶುಕ್ರವಾರ ನನ್ನ ಕೆಲಸ ಹೋಯಿತು, ಅತ್ತೆಯ ಪುಟ ಹೋಯಿತು, ಪಾಸು ಹೋಯಿತು. ಯಜಮಾನರು ಫೋನಿನಲ್ಲಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಹೆಸರಿಲ್ಲದ ಬರಹವನ್ನು ರೇಸ್ ಕೋರ್ಸಿನವರು ನೋಡಿಯೂ ನೋಡದ ಹಾಗೆ ಇರಬಹುದಿತ್ತು, ಹೆಸರು ವಿಳಾಸ ಹಾಕಿದ ಮೇಲೆ ಅದು ವಿಚಾರಿಸಲೇಬೇಕಾದ ದೂರು ಆಯಿತು. ಸೋಮವಾರ ರೇಸ್ ಕೋರ್ಸಿನ ಕುದುರೆ ವೈದ್ಯರು ಲಾಯಕ್ಕೆ ಬಂದರಂತೆ. ಅದನ್ನು ಹೇಳಲು ಲಾಯದವನೇ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದ.

"ಸಿಮೆಂಟ್ ಮೇಲೆ ನಾನೇ ನಡೆಸ್ದೆ ಅಮ್ಮ. ಹಗ್ಗ ಬಿಗಿಯಾಗಿ ಹಿಡ್ಕೋ, ತಲೆ ಎತ್ತೋಕೆ ಬಿಡ್ಬೇಡ ಅಂತ ಸಾಹುಕಾರ್ರು ಹೇಳಿದ್ರು. ಸಡಿಲ ಬಿಟ್ಟೆ. ಮೂರನೇ ಹೆಜ್ಜೆಗೇ ಎತ್ತಿಬಿಡ್ತು." ಅವನು ಕಣ್ಣೊರೆಸಿಕೊಂಡ. "ಈ ವರ್ಷ ಪೂರ್ತಿ ಓಡಿಸೋ ಹಾಗಿಲ್ಲ ಅಂತ ಡಾಕ್ಟ್ರು ಬರ್ದುಕೊಟ್ರು."

"ನಿನ್ನ ಕೆಲಸ?"

"ಬೇರೆ ಲಾಯದಲ್ಲಿ ಕೇಳಿದೀನಿ."

ಅತ್ತೆ ಅವನಿಗೆ ತಮ್ಮ ಪಾಲಿನ ಊಟವನ್ನೇ ಬಡಿಸಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮಾರನೇ ದಿನ ಅವರು ಎಂದಿನ ಹೊತ್ತಿಗೇ ಚಪ್ಪಲಿ ಮೆಟ್ಟಿ ಹೊರಟರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನ್ನ ಗಂಡನಿಗಿರಲಿಲ್ಲ, ನಾನು ಜೊತೆಗೆ ಹೋದೆ. ಲಾಯಗಳು ಮುಗಿದು ಟ್ರ್ಯಾಕಿನ ಗೇಟು ಬರುವ ಮೊದಲು ಆ ಸಿಮೆಂಟ್ ರಸ್ತೆ ಬೀದಿಯನ್ನು ದಾಟುತ್ತದೆ. ಅತ್ತೆ ಬೀದಿಯ ಅಂಚಿಗೆ ನಿಂತರು.

ಗೇಟಿನವನು ಓಡಿ ಬಂದ. "ಅಮ್ಮ, ಪಾಸ್ ಇಲ್ದೆ ನಿಲ್ಲೋ ಹಾಗಿಲ್ಲ."

"ಒಳಗೆ ಬರಲ್ಲಪ್ಪ. ಈ ಬೀದಿಗೂ ಪಾಸ್ ಬೇಕಾ? ಯಾರು ಕೊಡ್ತಾರೆ ಹೇಳು, ತಗೋತೀನಿ."

ಅವನು ತಲೆ ಕೆರೆದುಕೊಂಡು ವಾಪಸು ಹೋದ. ಅಂದಿನಿಂದ ಪ್ರತಿ ಬೆಳಿಗ್ಗೆ ನಾವಿಬ್ಬರೂ ಅಲ್ಲಿದ್ದೇವೆ. ಬೇಲಿ ಪಕ್ಕ ನಿಂತರೆ ಕುದುರೆ ನಡೆಯುವುದು ಹುಲ್ಲಿನ ಮೇಲೆ, ಇಲ್ಲಿ ಮಾತ್ರ, ಅಭ್ಯಾಸದ ಹೊತ್ತಿನಲ್ಲಿ ಮೈದಾನ ಬಳಸುವ ದಾರಿ ಮುಚ್ಚಿರುವುದರಿಂದ, ಎಲ್ಲವೂ ಗಟ್ಟಿ ನೆಲದ ಮೇಲೆ ನಮ್ಮ ಮೂಗಿನ ಮುಂದೆಯೇ ನಡೆದು ಹೋಗಬೇಕು. ಕಾಲು ನೆಟ್ಟಗಿರುವ ಕುದುರೆಗಳನ್ನು ಅತ್ತೆಯ ಮುಂದೆ ಬೇಕೆಂದೇ ನಿಧಾನವಾಗಿ ನಡೆಸುತ್ತಾರೆ, ಹಗ್ಗ ಸಡಿಲ ಬಿಟ್ಟು. ಕೆಲವನ್ನು ಮಾತ್ರ ಹಗ್ಗ ಬಿಗಿಹಿಡಿದು ಅವಸರ ಅವಸರವಾಗಿ ದಾಟಿಸುತ್ತಾರೆ. ಆಗ ಅತ್ತೆ ನನ್ನ ಕಡೆ ತಿರುಗದೆ, "ಬರ್ಕೋ" ಅನ್ನುತ್ತಾರೆ.

"ಬರ್ಕೊಂಡು ಎಲ್ಲಿಗೆ ಕಳಿಸೋದು ಅತ್ತೆ? ಪುಟಾನೇ ಇಲ್ವಲ್ಲ" ಎಂದು ಮೊನ್ನೆ ಕೇಳಿದೆ.

"ಮೊದ್ಲು ಬರಿ" ಅಂದರು ಅತ್ತೆ. "ನಾವು ಬರೀತಿದೀವಿ ಅಂತ ಓಡಿಸೋರಿಗೆ ಕಾಣ್ಲಿ."